ಕೊಳಲು ದುಬಾರಿಯಾದರೆ ನಾದ ಹೆಚ್ಚೀತೆ?

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಾಗಲಿ, ಗಾಣಗಾಪುರದ ಗುಡಿಯ ಬೀದಿಯಲ್ಲಾಗಲಿ ಕೊಳಲು ಮಾರುವವನನ್ನು ಗುರುತಿಸುವುದು ಕಷ್ಟವಲ್ಲ. ಉದ್ದನೆಯ ಗಳಕ್ಕೆ ಮುಳ್ಳುಹಂದಿಯ ಮೈಯಂತೆ ಕೊಳಲುಗಳನ್ನು ಸಿಕ್ಕಿಸಿಕೊಂಡು, ಹಳೆಯ ಸಿನಿಮಾ ಹಾಡೊಂದನ್ನು ಸೊಗಸಾಗಿ ನುಡಿಸುತ್ತ ಜನರ ನಡುವೆ ಸಾಗುತ್ತಾನೆ. ಹುಡುಗ ಹಟ ಹಿಡಿಯುತ್ತಾನೆ, ತಂದೆ ಕೊಡಿಸುತ್ತಾನೆ. ಮನೆಗೆ ಬಂದು ಊದಿದರೆ ಬರುವುದು ಬರೀ ಗಾಳಿ. ನಾಲ್ಕು ದಿನ ಕಳೆದ ಮೇಲೆ ಅಲ್ಪಸ್ವಲ್ಪ ಸದ್ದು ಹೊರಟರೂ ಸರಿಗಮ ಮಾತ್ರ ಕೂಡುವುದಿಲ್ಲ. ‘ಇವನಿಗೆ ಸಂಗೀತ ಒಲಿಯಲಿಲ್ಲ ಬಿಡಿ’ ಎಂಬ ತೀರ್ಪಿನೊಂದಿಗೆ ಕೊಳಲು ಅಟ್ಟ ಸೇರುತ್ತದೆ.

ಇನ್ನು ಕೆಲವು ಪಾಲಕರಿದ್ದಾರೆ. ಮಗ ಅಥವಾ ಮಗಳು ನಿಜವಾಗಿಯೂ ಕಲಿಯಲಿ ಎಂಬ ಆಸೆಯಿಂದ ಒಳ್ಳೆಯ ಕೊಳಲನ್ನೇ ತರಿಸಲು ಹೊರಡುತ್ತಾರೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಕೊಳಲಿನ ಅಂಗಡಿ ಎಲ್ಲಿಂದ ಬರಬೇಕು? ಮೊಬೈಲ್ ಫೋನಿನಲ್ಲಿ ಚಿತ್ರ ನೋಡಿ ತರಿಸಬೇಕು. ಅಲ್ಲಿ ‘ವೃತ್ತಿಪರ’, ‘ಕಛೇರಿ ದರ್ಜೆ’, ‘ಅಸ್ಸಾಂ ಬಿದಿರು’, ‘ಏಳು ರಂಧ್ರ’ ಎಂಬ ವಿಶೇಷಣಗಳ ಸಾಲು. ಪ್ರತಿ ವಿಶೇಷಣಕ್ಕೂ ಬೆಲೆ ಒಂದೊಂದು ಮೆಟ್ಟಿಲು ಏರುತ್ತದೆ. ಒಕ್ಕಲುತನ ಮಾಡುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾದರೆ ಈ ವಿಶೇಷಗಳಿಂದ ನಾದಕ್ಕೆ ನಿಜವಾಗಿ ಪ್ರಯೋಜನವಿದೆಯೇ? ದೊಡ್ಡ ವಿದ್ವಾಂಸರು ಇವುಗಳಿಗೆ ಎಷ್ಟು ಬೆಲೆ ಕೊಡುತ್ತಾರೆ? ಶಾಲೆಯಲ್ಲಿ ಶಬ್ದದ ಪಾಠ ಮಾಡುವ ನನ್ನಂಥವರಿಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ವಿಜ್ಞಾನ ಕೊಡುವ ಉತ್ತರ ಸ್ವಲ್ಪ ವಿಚಿತ್ರವಾಗಿದೆ.

ಕೊಳಲಿನಲ್ಲಿ ಕಂಪಿಸುವುದು ಏನು?

ಬಿದಿರು ಎಂದು ಬಹಳ ಮಂದಿ ಉತ್ತರಿಸುತ್ತಾರೆ. ಅದು ಸರಿಯಲ್ಲ. ತಬಲೆಯಲ್ಲಿ ಚರ್ಮ, ಸಿತಾರಿನಲ್ಲಿ ತಂತಿ ಕಂಪಿಸಿದಂತೆ ಕೊಳಲಿನಲ್ಲಿ ಕಂಪಿಸುವುದು ಒಳಗಿನ ಗಾಳಿಯ ಕಂಬ. ತುಟಿಯಿಂದ ಹೊರಟ ತೆಳುವಾದ ಗಾಳಿಯ ಪಟ್ಟಿ ಊದುರಂಧ್ರದ ಎದುರಿನ ಅಂಚಿಗೆ ಬಡಿದು ಒಮ್ಮೆ ಒಳಗೆ, ಒಮ್ಮೆ ಹೊರಗೆ ಹೊರಳುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಹೊರಳಾಟವೇ ಗಾಳಿಯ ಕಂಬವನ್ನು ತೂಗುತ್ತದೆ. ಬಿದಿರಿನ ಕೆಲಸ ಆ ಕಂಬಕ್ಕೆ ಒಂದು ಆಕಾರ ಕೊಡುವುದು, ಅಷ್ಟೇ.

ಎರಡೂ ತುದಿ ತೆರೆದ ನಳಿಕೆಯ ಸೂತ್ರ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಆವೃತ್ತಿ = ಶಬ್ದದ ವೇಗ ÷ (2 × ನಳಿಕೆಯ ಉದ್ದ). ಕೊಳಲಿನಲ್ಲಿ ಊದುರಂಧ್ರವೇ ಒಂದು ತೆರೆದ ತುದಿ. ಹಿಂದೂಸ್ತಾನಿ ಕಲಾವಿದರು ಕಛೇರಿಯಲ್ಲಿ ಹೆಚ್ಚಾಗಿ ಬಳಸುವ ‘ಇ’ ಶ್ರುತಿಯ ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದರೆ ಷಡ್ಜ, ಆರನ್ನೂ ಮುಚ್ಚಿದರೆ ಮಂದ್ರ ಪಂಚಮ. ಆ ಪಂಚಮದ ಆವೃತ್ತಿ ಸುಮಾರು 247 ಹರ್ಟ್ಸ್. ಶಬ್ದದ ವೇಗ ಸೆಕೆಂಡಿಗೆ 349 ಮೀಟರ್ ಎಂದು ಹಿಡಿದು ಲೆಕ್ಕ ಮಾಡಿ: ಉದ್ದ ಸುಮಾರು 70 ಸೆಂಟಿಮೀಟರ್, ಅಂದರೆ 28 ಇಂಚಿನ ಹತ್ತಿರ. ಗಾಳಿಯ ಕಂಬ ತುದಿಗಳಾಚೆಗೂ ತುಸು ಚಾಚಿಕೊಳ್ಳುವುದರಿಂದ ಊದುರಂಧ್ರದಿಂದ ಬಾಲದವರೆಗಿನ ಅಳತೆ ಇದಕ್ಕಿಂತ ಕೊಂಚ ಕಡಿಮೆಯೇ ಇರುತ್ತದೆ. ಈ ಲೆಕ್ಕದಲ್ಲಿ ಉದ್ದವಿದೆ, ವೇಗವಿದೆ. ಬಿದಿರಿನ ಹೆಸರಾಗಲಿ, ಬೆಲೆಯಾಗಲಿ ಎಲ್ಲಿಯೂ ಇಲ್ಲ.

ಚಿನ್ನದ ಕೊಳಲಿನ ಪರೀಕ್ಷೆ

ಪಾಶ್ಚಾತ್ಯ ದೇಶಗಳಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಮ್ ಕೊಳಲುಗಳಿವೆ. ಅವುಗಳ ಬೆಲೆ ಲಕ್ಷಗಟ್ಟಲೆ. ಚಿನ್ನದ ಕೊಳಲಿನ ನಾದ ಬೆಚ್ಚಗೆ, ಬೆಳ್ಳಿಯದು ಹೊಳಪು ಎಂದು ಪ್ರಮಾಣ ಮಾಡಿ ಹೇಳುವ ವಾದಕರಿಗೆ ಅಲ್ಲಿ ಕೊರತೆಯಿಲ್ಲ. ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಇದನ್ನು ಪರೀಕ್ಷೆಗೆ ಒಡ್ಡಿ 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ, ತಾಮ್ರ ಮತ್ತು ಮರದಲ್ಲಿ ಒಂದೇ ಒಳ ಅಳತೆಯ ಮೂರು ಕೊಳಲು ಮಾಡಿ, ಮೂರಕ್ಕೂ ಒಂದೇ ಬಗೆಯ ತಲೆಭಾಗ ಜೋಡಿಸಿದರು. ಕಣ್ಣಿಗೆ ಕಾಣದಂತೆ ಕೇಳಿಸಿದಾಗ ಕೇಳುಗರು ಯಾವುದು ಯಾವುದೆಂದು ಗುರುತಿಸಲಾರದೆ ಹೋದರು. ತೂಕದಿಂದ ಸುಳಿವು ಸಿಗದಂತೆ ಮಾಡಿದಾಗ ನುಡಿಸಿದವರಿಗೂ ಗೊತ್ತಾಗಲಿಲ್ಲ. ವಿಯೆನ್ನಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ ಒಂದೇ ಮಾದರಿಯ, ಬೇರೆ ಬೇರೆ ಲೋಹದ ಏಳು ಕೊಳಲುಗಳನ್ನು ನುರಿತ ವಾದಕರೇ ನುಡಿಸಿದರು. ಅಲ್ಲಿಯೂ ಲೋಹದಿಂದ ಲೋಹಕ್ಕಿರುವ ಅಂತರಕ್ಕಿಂತ ವಾದಕನಿಂದ ವಾದಕನಿಗಿರುವ ಅಂತರವೇ ದೊಡ್ಡದಾಗಿತ್ತು.

ಹಾಗೆಂದು ಚಿನ್ನದ ಕೊಳಲು ಕೊಂಡವರೆಲ್ಲ ದಡ್ಡರೇನಲ್ಲ. ಕೈಗೆ ಸಿಗುವ ತೂಕ, ಹಿಡಿತದ ತೃಪ್ತಿ ಒಂದು ಕಡೆ. ಇನ್ನೊಂದು ಕಡೆ, ಬೆಲೆಬಾಳುವ ಲೋಹವನ್ನು ಕಾರ್ಖಾನೆಯವರು ತಮ್ಮ ಅತಿ ನಿಪುಣ ಕೆಲಸಗಾರನ ಕೈಗೇ ಒಪ್ಪಿಸುತ್ತಾರೆ. ಆತ ಊದುರಂಧ್ರದ ಅಂಚನ್ನು ಇನ್ನಷ್ಟು ನಾಜೂಕಾಗಿ ಕಡೆಯುತ್ತಾನೆ. ಅಂಚಿನಲ್ಲಿ ಮಿಲಿಮೀಟರಿನ ಒಂದು ಚೂರು ಹೆಚ್ಚುಕಡಿಮೆಯಾದರೂ ನಾದ ಬದಲಾಗುತ್ತದೆ. ಹೊಗಳಿಕೆ ಸಲ್ಲಬೇಕಾದ್ದು ಆ ಅಂಚಿಗೆ, ಸಲ್ಲುತ್ತಿರುವುದು ಚಿನ್ನಕ್ಕೆ!

ರಂಧ್ರ ಎಲ್ಲಿರಬೇಕು?

ಆಕಾರ ಮತ್ತು ಅಳತೆಯ ಮಾತು ಬಂದಾಗ ಮಾತ್ರ ಕಥೆ ಬೇರೆ. 1831ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಥಿಯೋಬಾಲ್ಡ್ ಬೋಮ್ ಲಂಡನ್ನಿಗೆ ಹೋಗಿದ್ದಾಗ ಚಾರ್ಲ್ಸ್ ನಿಕಲ್ಸನ್ ಎಂಬ ವಾದಕನನ್ನು ಕೇಳಿದ. ನಿಕಲ್ಸನ್ನನ ಕೊಳಲಿನ ರಂಧ್ರಗಳು ಬಹಳ ದೊಡ್ಡವು, ನಾದವೂ ಅಷ್ಟೇ ದೊಡ್ಡದು. ಬೋಮ್ ಸ್ವತಃ ಹೆಸರಾಂತ ವಾದಕ, ಜೊತೆಗೆ ಅಕ್ಕಸಾಲಿಗ. ತನ್ನ ಕೊಳಲಿನಿಂದ ಅಂಥ ನಾದ ಹೊರಡದೆಂದು ಅವನಿಗೆ ಖಚಿತವಾಯಿತು. ಮರುವರ್ಷವೇ ಹೊಸ ಕೊಳಲು ಮಾಡಿದ. 1847ರಲ್ಲಿ ಅದನ್ನು ಮತ್ತೆ ಬದಲಿಸಿ ಸಿಲಿಂಡರ್ ಆಕಾರದ ಲೋಹದ ಕೊಳಲು ತಂದ. ಬೆರಳು ತಲಪುವ ಕಡೆ ರಂಧ್ರ ಕೊರೆಯುವುದು ಅಲ್ಲಿಯವರೆಗಿನ ರೂಢಿ. ಬೋಮ್ ಶಬ್ದವಿಜ್ಞಾನ ಹೇಳಿದ ಕಡೆ ದೊಡ್ಡ ರಂಧ್ರ ಕೊರೆದು, ಅಲ್ಲಿಗೆ ಬೆರಳು ತಲಪಲು ಕೀಲಿಗಳ ವ್ಯವಸ್ಥೆ ಮಾಡಿದ. ಇಂದು ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಕಾಣುವುದು ಈ ಕೊಳಲಿನ ಸಂತತಿ.

ಇಷ್ಟು ದೊಡ್ಡ ಸುಧಾರಣೆ ನಮ್ಮ ವಿದ್ವಾಂಸರಿಗೆ ಏಕೆ ಬೇಡವಾಯಿತು? ನಮ್ಮ ಸಂಗೀತ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ಜಾರುತ್ತದೆ. ಮೀಂಡ್ ಎನ್ನಿ, ಗಮಕ ಎನ್ನಿ, ರಂಧ್ರವನ್ನು ಕೂದಲೆಳೆಯಷ್ಟು ತೆರೆಯುತ್ತ ಮುಚ್ಚುತ್ತ ಹೋಗಲು ಬೆರಳಿನ ಚರ್ಮವೇ ಬೇಕು. ನಡುವೆ ಲೋಹದ ಮುಚ್ಚಳ ಬಂದರೆ ಆ ಜಾರುವಿಕೆ ತಪ್ಪಿಹೋಗುತ್ತದೆ.

ನಮ್ಮವರೂ ಕೊಳಲನ್ನು ಇದ್ದಂತೆಯೇ ಒಪ್ಪಿಕೊಂಡು ಕೂಡಲಿಲ್ಲ. ಪನ್ನಾಲಾಲ್ ಘೋಷ್ (1911–1960) ಖಯಾಲ್ ಗಾಯನದ ಗಾಂಭೀರ್ಯ ಸಣ್ಣ ಕೊಳಲಿನಿಂದ ಬಾರದೆಂದು ಕಂಡು, ಬೇರೆ ಬೇರೆ ವಸ್ತುಗಳಲ್ಲಿ ಪ್ರಯತ್ನಿಸಿ, ಕೊನೆಗೆ 32 ಇಂಚಿನ ಬಿದಿರಿನ ಕೊಳಲನ್ನು ರೂಢಿಗೆ ತಂದರು. ಮಂದ್ರದ ತೀವ್ರ ಮಧ್ಯಮಕ್ಕಾಗಿ ಕಿರುಬೆರಳಿಗೆ ಏಳನೆಯ ರಂಧ್ರ ಕೊರೆದರು. ಅವರ ಶಿಷ್ಯ ಮತ್ತು ಅಳಿಯ ದೇವೇಂದ್ರ ಮುರ್ಡೇಶ್ವರ, ಆ ಪರಂಪರೆಯ ನಿತ್ಯಾನಂದ ಹಳದೀಪುರ ಏಳು ರಂಧ್ರದ ದಾರಿಯಲ್ಲೇ ನಡೆದರು. (ಎರಡೂ ಅಡ್ಡಹೆಸರು ನಮ್ಮ ಉತ್ತರ ಕನ್ನಡದ ಊರುಗಳವು ಎಂಬುದನ್ನು ಓದುಗರು ಗಮನಿಸಿರಬಹುದು.) ಆದರೆ ಬಾನ್ಸುರಿಯನ್ನು ಜಗತ್ತಿಗೆಲ್ಲ ಪರಿಚಯಿಸಿದ ಹರಿಪ್ರಸಾದ ಚೌರಾಸಿಯಾ ನುಡಿಸುವುದು ಆರು ರಂಧ್ರದ ಕೊಳಲು. ಅವರು ಅನ್ನಪೂರ್ಣಾದೇವಿಯವರಲ್ಲಿ ಕಲಿಯಲು ಹೋದಾಗ, ಎಲ್ಲವನ್ನೂ ಹೊಸದಾಗಿ ಆರಂಭಿಸುವ ನಿಷ್ಠೆ ತೋರಿಸಲು ಬಲಗೈ ವಾದನವನ್ನು ಬಿಟ್ಟು ಎಡಗೈಗೆ ಬದಲಾದರು. ಆರು ರಂಧ್ರಗಳು ಒಂದೇ ಸಾಲಿನಲ್ಲಿರುವ ಬಿದಿರಿಗೆ ಎಡ ಬಲ ಎಂಬ ಭೇದವಿಲ್ಲದ್ದರಿಂದ ಇದು ಸಾಧ್ಯವಾಯಿತು. ಬೋಮ್ ಕೊಳಲಿನಲ್ಲಿ ಕೀಲಿಗಳೇ ಅಡ್ಡ ಬರುತ್ತಿದ್ದವು. ಏನೂ ‘ವಿಶೇಷ’ ಇಲ್ಲದಿರುವುದೂ ಒಂದು ಅನುಕೂಲ.

ದಕ್ಷಿಣಾದಿಯಲ್ಲಿ ಇನ್ನೊಂದು ಬಗೆ. ಕರ್ನಾಟಕ ಸಂಗೀತದ ಕೊಳಲು ಗಿಡ್ಡ, ಬಿದಿರು ದಪ್ಪ, ರಂಧ್ರ ಎಂಟು. ಟಿ.ಆರ್. ಮಹಾಲಿಂಗಂ (1926–1986), ಜನರ ಬಾಯಲ್ಲಿ ‘ಮಾಲಿ’, ಬೆರಳಿನ ಹಿಡಿತವನ್ನೂ ಊದುವ ಬಗೆಯನ್ನೂ ಬದಲಿಸಿ ಕೊಳಲಿನಲ್ಲಿ ಗಾಯನದ ಗಮಕಗಳನ್ನು ತೋರಿಸಿದರು. ಅವರ ಶಿಷ್ಯ ಎನ್. ರಮಣಿ ಆ ಸಂಗೀತಕ್ಕೆ ಉದ್ದನೆಯ ಕೊಳಲನ್ನೂ ತಂದರು. ನಮ್ಮ ಧಾರವಾಡದ ಪ್ರವೀಣ ಗೋಡ್ಖಿಂಡಿಯವರಂತೂ ಎಂಟು ಅಡಿಯ ಕೊಳಲನ್ನೇ ನುಡಿಸಿದ್ದಾರೆ.

ಇವರೆಲ್ಲರಲ್ಲಿ ಒಂದು ಸಂಗತಿ ಸಮಾನ. ಯಾರೂ ಪಟ್ಟಿಯಲ್ಲಿದ್ದ ವಿಶೇಷಣ ನೋಡಿ ಕೊಳಲು ಆರಿಸಲಿಲ್ಲ. ಮೊದಲು ಸಂಗೀತ ಏನನ್ನೋ ಕೇಳಿತು, ಅದಕ್ಕೆ ತಕ್ಕಂತೆ ಕೊಳಲು ಬದಲಾಯಿತು. ಮಂದ್ರದ ತೀವ್ರ ಮಧ್ಯಮ ಬೇಕಿಲ್ಲದವನಿಗೆ ಏಳನೆಯ ರಂಧ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಶ್ರುತಿ ಯಾರಿಗೆ ಹೆಚ್ಚು ಮುಖ್ಯ?

ಈಗ ಜಾತ್ರೆಯ ಮಾರಾಟಗಾರನ ವಿಷಯ. ಅದೇ ಗಳದ ಕೊಳಲು ಅವನ ತುಟಿಯಲ್ಲಿ ಹಾಡುತ್ತದೆ, ಹುಡುಗನ ತುಟಿಯಲ್ಲಿ ಏಕೆ ಅಪಸ್ವರ? ಊದುರಂಧ್ರವನ್ನು ತುಟಿಯಿಂದ ಸ್ವಲ್ಪ ಹೆಚ್ಚು ಮುಚ್ಚಿದರೆ ಸ್ವರ ಇಳಿಯುತ್ತದೆ, ಕೊಳಲನ್ನು ಹೊರಕ್ಕೆ ಹೊರಳಿಸಿದರೆ ಏರುತ್ತದೆ. ನುರಿತವನು ಹೀಗೆ ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಎಳೆದಾಡಬಲ್ಲ. ಅವನ ಕಿವಿ ತಪ್ಪನ್ನು ಹಿಡಿಯುತ್ತದೆ, ತುಟಿ ಅದೇ ಕ್ಷಣ ತಿದ್ದುತ್ತದೆ. ಪಂಚಮದ ರಂಧ್ರ ತಪ್ಪು ಜಾಗದಲ್ಲಿದ್ದರೂ ಕೇಳುಗನಿಗೆ ಗೊತ್ತಾಗುವುದಿಲ್ಲ.

ಹೊಸದಾಗಿ ಕಲಿಯುವ ಮಗುವಿಗೆ ಆ ಕಿವಿಯೂ ಇಲ್ಲ, ತುಟಿಯೂ ಇಲ್ಲ. ಕೊಳಲು ಹೇಳಿದ್ದನ್ನೇ ಅದು ಸರಿ ಎಂದು ನಂಬುತ್ತದೆ. ಆದ್ದರಿಂದ ಶ್ರುತಿಶುದ್ಧ ಕೊಳಲಿನ ಅಗತ್ಯ ವಿದ್ವಾಂಸನಿಗಿಂತ ವಿದ್ಯಾರ್ಥಿಗೇ ಹೆಚ್ಚು. ‘ಮೊದಲು ಏನಾದರೂ ಅಗ್ಗದ್ದರಲ್ಲಿ ಕಲಿಯಲಿ, ಆಮೇಲೆ ಒಳ್ಳೆಯದು ಕೊಡಿಸೋಣ’ ಎಂಬ ನಮ್ಮ ಪಾಲಕರ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಆದರೆ ಒಳ್ಳೆಯದು ಎಂದರೆ ದುಬಾರಿ ಎಂದಲ್ಲ. ಅಳತೆ ಸರಿಯಾಗಿ ಕೊರೆದ ಪಿ.ವಿ.ಸಿ. ಕೊಳವೆಯ ಕೊಳಲು, ಅಳತೆ ತಪ್ಪಿದ ಹೊಳಪಿನ ಬಿದಿರಿಗಿಂತ ಎಷ್ಟೋ ಮೇಲು. ಕಲಿಸುವ ಗುರುಗಳು ಸಿಕ್ಕಿದ್ದರೆ ಕೊಳ್ಳುವ ಮುಂಚೆ ಅವರ ಶ್ರುತಿ, ಅವರ ಪದ್ಧತಿ ಕೇಳಿಕೊಳ್ಳಿ. ಹಿಂದೂಸ್ತಾನಿ ಕಲಿಯುವವರಿಗೆ ಎಂಟು ರಂಧ್ರದ ಕೊಳಲು ತರಿಸಿ ಪೇಚಾಡುವವರಿದ್ದಾರೆ.

ಇನ್ನು ಗಾತ್ರ. ದೊಡ್ಡವರು ನುಡಿಸುವ ಉದ್ದನೆಯ ಬಾನ್ಸುರಿಯ ರಂಧ್ರಗಳ ಅಂತರಕ್ಕೆ ಹತ್ತು ವರ್ಷದ ಮಗುವಿನ ಬೆರಳು ಚಾಚಲಾರದು. ಬೆರಳ ಸಂದಿನಲ್ಲಿ ಗಾಳಿ ಸೋರಿದರೆ ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ. ಮಗುವಿಗೆ 18 ಇಂಚಿನ ಆಸುಪಾಸಿನ ‘ಸಿ’ ಶ್ರುತಿಯ ಮಧ್ಯಮ ಗಾತ್ರದ ಕೊಳಲು ಸಾಕು.

ತರಿಸಿದ ಮೇಲೆ ಪರೀಕ್ಷಿಸುವುದು ಹೇಗೆ? ಊದಬಲ್ಲ ಯಾರಾದರೂ ಸಿಕ್ಕರೆ ಮೊಬೈಲಿನ ತಂಬೂರಿಯ ಜೊತೆ ಷಡ್ಜ ಹಿಡಿಸಿ. ಬೆರಳು ಕದಲಿಸದೆ ಬಿರುಸಾಗಿ ಊದಿದರೆ ತಾರ ಷಡ್ಜ ಬರಬೇಕು, ಅದೂ ತಂಬೂರಿಗೆ ಕೂಡಬೇಕು. ಕೂಡದಿದ್ದರೆ ಒಳಮೈ ಏರುಪೇರಾಗಿದೆ, ಇಲ್ಲವೇ ತಲೆಯ ಕಡೆಯ ಬಿರಡೆ ಜಾಗ ತಪ್ಪಿದೆ. ಬಿರಡೆ ಊದುರಂಧ್ರದ ನಡುವಿನಿಂದ ಸರಿಸುಮಾರು ಕೊಳಲಿನ ಒಳವ್ಯಾಸದಷ್ಟು ದೂರದಲ್ಲಿರಬೇಕು. ಮಂದ್ರ ಪಂಚಮ ಮೆಲ್ಲಗೆ ಊದಿದರೂ ಹೊರಡಬೇಕು. ಈ ಎರಡರಲ್ಲಿ ಸೋತ ಕೊಳಲನ್ನು, ಬೆಲೆ ಎಷ್ಟೇ ಇರಲಿ, ಹಿಂದಕ್ಕೆ ಕಳಿಸಿಬಿಡಿ.

ನಮ್ಮ ಭಾಗದ ಬಿಸಿಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ತಾಪಮಾನ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಡಿಸೆಂಬರಿನ 15 ಡಿಗ್ರಿಯ ನಸುಕಿಗೂ ಮೇ ತಿಂಗಳ 42 ಡಿಗ್ರಿಯ ಮಧ್ಯಾಹ್ನಕ್ಕೂ ಲೆಕ್ಕ ಹಾಕಿದರೆ ಅರ್ಧ ಸ್ವರದ ಮುಕ್ಕಾಲು ಭಾಗದಷ್ಟು ವ್ಯತ್ಯಾಸ ಬರುತ್ತದೆ. ಉಸಿರು ಕೊಳಲನ್ನು ಬೆಚ್ಚಗಾಗಿಸುವುದರಿಂದ ವಾಸ್ತವದಲ್ಲಿ ಅಷ್ಟು ಆಗದು. ಆದರೂ ಹಾರ್ಮೋನಿಯಂ ಜೊತೆ ಭಜನೆಗೆ ಕೂತಾಗ ‘ಕೊಳಲು ಹೊಂದುತ್ತಿಲ್ಲ’ ಎಂದರೆ ಕೊಳಲನ್ನೂ ಮಗುವನ್ನೂ ಬೈಯುವ ಮೊದಲು ಐದು ನಿಮಿಷ ಊದಿ ಬೆಚ್ಚಗಾಗಲು ಬಿಡಿ.

ಬಿದಿರು ಒಣ ಹವೆಗೆ ಸೀಳುತ್ತದೆ. ಕೊಳಲಿನ ಮೈಗೆ ಅಲ್ಲಲ್ಲಿ ಬಿಗಿದ ಬಣ್ಣದ ದಾರ ಬರೀ ಅಲಂಕಾರವಲ್ಲ, ಸೀಳದಂತೆ ಕಟ್ಟಿದ ಪಟ್ಟಿ. ಅದನ್ನು ಬಿಚ್ಚಬಾರದು. ಬೇಸಿಗೆಯಲ್ಲಿ ಆಗಾಗ ಒಳಮೈಗೆ ತೆಳುವಾಗಿ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ತಗಡಿನ ಸೂರಿನ ಕೆಳಗಲ್ಲದೆ ತಂಪು ಗೋಡೆಯ ಬದಿಗೆ ಇಡಿ. ಒಂದು ಕೂದಲೆಳೆ ಬಿರುಕು ಬಿಟ್ಟರೂ ಗಾಳಿ ಸೋರಿ ಮೊದಲು ಹೋಗುವುದು ಮಂದ್ರ ಪಂಚಮವೇ.