ಹೆಪ್ಪುಗಟ್ಟಿದ ನೂಕುಬಲ

ಆಕಾಶದಲ್ಲಿ ಸಾಗುವ ವಿಮಾನಕ್ಕೆ ನಿಂತು ಯೋಚಿಸುವ ಅನುಕೂಲವಿಲ್ಲ. ರೆಕ್ಕೆಗಳ ಮೇಲೆ ಗಾಳಿಯು ತಕ್ಕ ವೇಗದಿಂದ ಹರಿಯುತ್ತಿರಬೇಕು. ಇಲ್ಲವಾದರೆ ಅವು ವಿಮಾನದ ಭಾರವನ್ನು ಹೊರಲಾರವು. ಆ ವೇಗವನ್ನು ಕಾಪಾಡಲು ಎಂಜಿನುಗಳ ನೂಕುಬಲವನ್ನು ಆಗಾಗ ಹೆಚ್ಚು ಕಡಿಮೆ ಮಾಡುತ್ತಿರಬೇಕಾಗುತ್ತದೆ. ಈ ಬೇಸರದ ಕೆಲಸವನ್ನು ಇಂದಿನ ಚಾಲಕನು ಒಂದು ಸ್ವಯಂಚಾಲಿತ ಯಂತ್ರಕ್ಕೆ ವಹಿಸಿರುತ್ತಾನೆ. ಇಷ್ಟು ವೇಗವಿರಲಿ ಎಂದು ಅವನು ಗೊತ್ತುಮಾಡಿದರೆ ಸಾಕು, ಉಳಿದುದು ಯಂತ್ರದ ಹೊಣೆ. ಆದರೆ ಈ ಯಂತ್ರವು ಇದ್ದಕ್ಕಿದ್ದಂತೆ ತನ್ನ ಹೊಣೆಯನ್ನು ಕಳಚಿಕೊಂಡರೆ, ಎಂಜಿನುಗಳು ಆಗ ಯಾರ ಮಾತನ್ನು ಕೇಳಬೇಕು?

ಚಾಲಕನ ಬಳಿಯಿರುವ ಥ್ರಾಟಲ್ ಹಿಡಿಗಳ ಮಾತನ್ನು ಎಂದು ವಾಚಕರು ಥಟ್ಟನೆ ಉತ್ತರಿಸಿಯಾರು. ತೊಡಕಿರುವುದು ಅಲ್ಲಿಯೇ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ-320 ವಿಮಾನದಲ್ಲಿಯೂ ಅದರ ತರುವಾಯ ಬಂದ ಎ-330ರಲ್ಲಿಯೂ ಈ ಹಿಡಿಗಳು ತಾವಾಗಿ ಚಲಿಸುವುದಿಲ್ಲ. ವಿಮಾನವು ನೆಲವನ್ನು ಬಿಟ್ಟು ಸ್ವಲ್ಪ ಮೇಲೇರಿದ ಬಳಿಕ ಚಾಲಕನು ಅವನ್ನು 'ಏರಿಕೆ'ಯ ಕಚ್ಚಿಗೆ ತಂದು ಕೂರಿಸುತ್ತಾನೆ. ಸಾಮಾನ್ಯವಾಗಿ ಇಳಿಯುವ ಕೊನೆಯ ಗಳಿಗೆಯವರೆಗೂ ಅವು ಅಲ್ಲಿಂದ ಕದಲವು. ಯಂತ್ರವು ಕೊಡಬಹುದಾದ ಗರಿಷ್ಠ ಬಲವೆಷ್ಟು ಎಂಬುದನ್ನು ಮಾತ್ರ ಹಿಡಿಯ ಸ್ಥಾನವು ನಿಗದಿಮಾಡುತ್ತದೆ. ಈಗ ವಿಮಾನವು ತಗ್ಗಿದ ನೂಕುಬಲದಲ್ಲಿ ನಿಲ್ದಾಣದತ್ತ ಇಳಿಯುತ್ತಿರುವಾಗ ಯಂತ್ರವು ಕೈಬಿಟ್ಟಿತೆನ್ನೋಣ. ಎಂಜಿನುಗಳು ಹಿಡಿಯನ್ನೇ ಅನುಸರಿಸಿದರೆ, ಯಾರೂ ಕೇಳದಿದ್ದರೂ ಅಬ್ಬರಿಸುತ್ತ ಏರಿಕೆಯ ಬಲಕ್ಕೆ ನೆಗೆಯುವುವು.

ಇದನ್ನು ತಪ್ಪಿಸಲು ನಿರ್ಮಾಪಕರು ಹೂಡಿದ ಉಪಾಯವು ಜಾಣತನದ್ದು. ಯಂತ್ರವು ತಾನಾಗಿ ಕೈಬಿಟ್ಟರೆ, ಆ ಕ್ಷಣದಲ್ಲಿದ್ದ ನೂಕುಬಲವು ಹಾಗೆಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ನೂಕುಬಲಕ್ಕೆ ಬೀಗ ಬಿದ್ದಿದೆಯೆಂದು ಚಾಲಕನ ಮುಂದಿನ ಫಲಕದಲ್ಲಿ ಹಳದಿ ಅಕ್ಷರಗಳು ಮಿನುಗುತ್ತವೆ. ಹಿಡಿಗಳನ್ನು ಸರಿಸಬೇಕೆಂಬ ಸೂಚನೆ ಮೂಡುತ್ತದೆ. ಐದೈದು ಸೆಕೆಂಡಿಗೊಮ್ಮೆ ಗಂಟೆ ಬಾರಿಸುತ್ತದೆ. ಹಿಡಿಗಳನ್ನು ಕಚ್ಚಿನಿಂದ ಕದಲಿಸಿದೊಡನೆ ಬೀಗ ತೆರೆಯುತ್ತದೆ. ಚಾಲಕನೇ ಹಿಡಿಯ ಮೇಲಿರುವ ಗುಂಡಿಯನ್ನೊತ್ತಿ ಯಂತ್ರವನ್ನು ಬಿಡಿಸಿದರೆ ಈ ರಕ್ಷೆಯಿಲ್ಲ. ಆದುದರಿಂದ ಆಗಿನ ನೂಕುಬಲಕ್ಕೆ ಸಮನಾದ ಸ್ಥಾನಕ್ಕೆ ಹಿಡಿಗಳನ್ನು ಮೊದಲು ತಂದು, ಬಳಿಕ ಗುಂಡಿಯನ್ನೊತ್ತುವುದು ಕ್ರಮ.

ಆದರೆ ಹೆಪ್ಪುಗಟ್ಟಿದ ಬಲವು ಆ ಒಂದು ಕ್ಷಣಕ್ಕೆ ಮಾತ್ರ ಸರಿಯಾದುದು. ವೇಗವನ್ನು ತಗ್ಗಿಸುತ್ತಿದ್ದಾಗ ಬೀಗ ಬಿದ್ದರೆ, ವಿಮಾನವು ಮಟ್ಟವಾಗಿ ಹಾರಲು ಬೇಕಾದಷ್ಟು ಬಲವೂ ಉಳಿದಿರಲಾರದು.

2009ರ ಜೂನ್ 1ರಂದು, ರಿಯೋ ಡಿ ಜನೈರೋದಿಂದ ಪ್ಯಾರಿಸ್ಸಿಗೆ ಸಾಗುತ್ತಿದ್ದ ಏರ್ ಫ್ರಾನ್ಸ್ ಸಂಸ್ಥೆಯ ಎ-330 ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ 35,000 ಅಡಿ ಎತ್ತರದಲ್ಲಿತ್ತು. ವೇಗವನ್ನಳೆಯುವ ಪಿಟೋ ನಳಿಕೆಗಳು ಹಿಮದ ಹರಳುಗಳಿಂದ ಕಟ್ಟಿಕೊಂಡವು. ವೇಗವನ್ನೇ ಅರಿಯದ ಯಂತ್ರವು ವೇಗವನ್ನು ಕಾಯುವುದೆಂತು? ಸ್ವಯಂಚಾಲಕವು ಕೈಬಿಟ್ಟಿತು, ಬೆನ್ನಿಗೇ ನೂಕುಬಲದ ಯಂತ್ರವೂ ಕೈಬಿಟ್ಟಿತು, ಬೀಗ ಬಿದ್ದಿತು. ಹಿಡಿಗಳನ್ನು ಕಚ್ಚಿನಿಂದ ಸರಿಸುವ ವೇಳೆಗೆ ಸುಮಾರು 40 ಸೆಕೆಂಡುಗಳು ಕಳೆದಿದ್ದವು. ಅಷ್ಟರಲ್ಲಿ ಮೂತಿಯನ್ನು ಮೇಲೆತ್ತಿದ್ದರಿಂದ ವಿಮಾನವು ಏರಿ ವೇಗವನ್ನು ಕಳೆದುಕೊಂಡಿತ್ತು. ಮುಂದೆ ರೆಕ್ಕೆಗಳ ಎತ್ತುವ ಬಲ ಕುಸಿದು, 228 ಮಂದಿಯೊಡನೆ ಅದು ಸಾಗರಕ್ಕೆ ಬಿದ್ದಿತು. ಇದಕ್ಕೆ ಬೀಗವೇ ಕಾರಣವೆಂದರೆ ಅನ್ಯಾಯವಾದೀತು. ಮೂತಿಯನ್ನೆತ್ತಿದುದೂ, ವಿಮಾನ ಕುಸಿಯುತ್ತಿರುವುದನ್ನು ಗುರುತಿಸದೆ ಹೋದುದೂ ದೊಡ್ಡ ಕಾರಣಗಳೆಂದು 2012ರ ಫ್ರೆಂಚ್ ತನಿಖಾ ವರದಿ ಹೇಳಿದೆ. ಆದರೂ ವೇಗದ ಮಾಪಕಗಳು ಕೈಕೊಟ್ಟಾಗ ಚಾಲಕನಿಗೆ ಉಳಿಯುವ ಆಸರೆಗಳು ಎರಡೇ: ಮೂತಿಯ ಕೋನ ಮತ್ತು ಗೊತ್ತಾದ ನೂಕುಬಲ. ಎರಡನೆಯದನ್ನು ಹೊಂದಿಸಬೇಕಾದರೆ ಬೀಗ ಬಿದ್ದಿರುವುದು ಮೊದಲು ಗಮನಕ್ಕೆ ಬರಬೇಕು. ಹತ್ತಾರು ಎಚ್ಚರಿಕೆಗಳು ಒಟ್ಟಿಗೆ ಕೂಗುವಾಗ ಒಂದು ಗಂಟೆಯ ನಾದವು ಎಷ್ಟು ಕೇಳಿಸೀತು?

ಬೋಯಿಂಗ್ ವಿಮಾನಗಳ ಪದ್ಧತಿ ಬೇರೆ. ಅಲ್ಲಿ ಪುಟ್ಟ ಮೋಟಾರುಗಳು ಹಿಡಿಗಳನ್ನೇ ಹಿಂದುಮುಂದಕ್ಕೆ ಸರಿಸುತ್ತವೆ. ಯಂತ್ರವು ಕೈಬಿಟ್ಟರೆ ಹಿಡಿಗಳು ಇದ್ದಲ್ಲಿಯೇ ನಿಲ್ಲುವುವು, ನೂಕುಬಲವೂ ಅಷ್ಟಕ್ಕೇ ನಿಲ್ಲುವುದು. ಬೀಗವೆಂಬ ಬೇರೆ ಏರ್ಪಾಡು ಬೇಕಿಲ್ಲ. ಹಿಡಿಯ ಮೇಲೆ ಅಂಗೈಯಿಟ್ಟರೆ ಎಂಜಿನಿನ ಸ್ಥಿತಿ ತಿಳಿಯುವುದು. ಹೆಚ್ಚು ಸಹಜವಾದುದು ಇದೇ ಎನ್ನಿಸಿದರೂ ಇದು ನಿರ್ದುಷ್ಟವಲ್ಲ. 2021ರ ಜನವರಿ 9ರಂದು ಜಕಾರ್ತದಿಂದ ಹೊರಟ ಶ್ರೀವಿಜಯ ಏರ್ ಸಂಸ್ಥೆಯ ಬೋಯಿಂಗ್ 737ರಲ್ಲಿ ಬಲಗಡೆಯ ಹಿಡಿ ಕದಲದೆ ನಿಂತಿತು. ಎಡಗಡೆಯದು ಮಾತ್ರ ಹಿಂದಕ್ಕೆ ಸರಿಯುತ್ತ ಹೋಯಿತು. ಎರಡು ಎಂಜಿನುಗಳ ಬಲ ಏರುಪೇರಾಗಿ ವಿಮಾನವು ಪಕ್ಕಕ್ಕೆ ಮಗುಚಿ ಸಮುದ್ರಕ್ಕೆ ಬಿದ್ದು 62 ಮಂದಿ ಮಡಿದರು. ಅಲ್ಲಿ ಯಂತ್ರವು ಕೈಬಿಡಬೇಕಾದ ಹೊತ್ತಿಗೆ ಕೈಬಿಟ್ಟಿರಲಿಲ್ಲ.