ಟಾಯರಿನ ಮಗ್ಗುಲ ಬರಹ

ಕಲ್ಯಾಣ, ಡೊಂಬಿವಲಿ, ಠಾಣೆಗಳಲ್ಲಿ ನೆಲೆಸಿರುವ ನಮ್ಮವರ ಕಾರುಗಳು ವರ್ಷದ ಹನ್ನೊಂದು ತಿಂಗಳು ಮಾಡುವ ಕೆಲಸವೆಂದರೆ ನಿಂತಿರುವುದು. ಯಜಮಾನರು ಲೋಕಲ್ ಗಾಡಿಯಲ್ಲಿ ಕಚೇರಿಗೆ ಹೋಗಿ ಬರುತ್ತಾರೆ. ಕಾರು ಸೊಸೈಟಿಯ ಅಂಗಳದಲ್ಲಿ ಬಿಸಿಲು ಕಾಯುತ್ತದೆ. ಭಾನುವಾರ ಬಂಧುಗಳ ಮನೆಯ ಮುಂಜಿಗೋ ನಾಮಕರಣಕ್ಕೋ ಹೋಗಿ ಬಂದರೆ ಅದೇ ದೊಡ್ಡ ಪ್ರಯಾಣ. ಆದರೆ ಮೇ ತಿಂಗಳಲ್ಲಿ ಮಕ್ಕಳಿಗೆ ಸೂಟಿ ಬಿದ್ದೊಡನೆ ಅದೇ ಕಾರಿನಲ್ಲಿ ಮನೆಮಂದಿಯೆಲ್ಲ ಕುಳಿತು, ಶೀಳ ಫಾಟಾ ದಾಟಿ, ಪುಣೆ, ಸಾತಾರಾ, ಕೊಲ್ಲಾಪುರ, ನಿಪ್ಪಾಣಿಗಳ ಮೇಲಿಂದ ಬೆಳಗಾವಿ, ಹುಬ್ಬಳ್ಳಿಯವರೆಗೆ ಒಂದೇ ಓಟ. ಬಿಸಿಲು, ಭಾರ, ವೇಗ ಮೂರೂ ಒಂದೇ ದಿನ ಕೂಡಿ ಬರುತ್ತವೆ. ಈ ಮೂರನ್ನೂ ಹೊರುವವು ನಾಲ್ಕು ಟಾಯರುಗಳು. ಒಂದೊಂದೂ ನೆಲಕ್ಕೆ ತಾಗಿರುವ ಜಾಗ ಹೆಚ್ಚು ಕಡಿಮೆ ಒಂದು ಅಂಗೈಯಷ್ಟು.

ನಾವೇನೂ ಮೋಟಾರು ಶಾಸ್ತ್ರದ ಪಂಡಿತರಲ್ಲ. ಸರಕಾರಿ ಕಚೇರಿಯಲ್ಲಿ ಕಡತ ತಿರುವುವವರು. ಆದರೆ ಕಾಗದದ ಮೇಲಿನ ನಂಬರು, ತಾರೀಖು ನೋಡದೆ ಸಹಿಗೆ ಕಳಿಸುವ ಅಭ್ಯಾಸ ನಮಗಿಲ್ಲ. ಟಾಯರಿನ ಮಗ್ಗುಲಲ್ಲಿಯೂ ಅಂಥದೇ ಒಂದು ದಾಖಲೆ ಅಚ್ಚಾಗಿದೆ. ಅದನ್ನು ಓದಲು ಇಂಜಿನಿಯರನಾಗಬೇಕಿಲ್ಲ.

ಉದಾಹರಣೆಗೆ ಮಾರುತಿ ಸ್ವಿಫ್ಟಿನ ಕೆಳದರ್ಜೆಯ ಮಾದರಿಗಳಿಗೆ ಹಾಕಿಬಂದ ಟಾಯರು ತೆಗೆದುಕೊಳ್ಳೋಣ: 165/80 ಆರ್14 85ಎಸ್. ಮೊದಲಿನ 165 ಎಂಬುದು ಟಾಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಅಳತೆಯಲ್ಲ, ಶೇಕಡಾವಾರು: ಅಗಲದ ನೂರಕ್ಕೆ 80 ಪಾಲಿನಷ್ಟು ಟಾಯರಿನ ಮಗ್ಗುಲಿನ ಎತ್ತರ, ಎಂದರೆ 132 ಮಿಲಿಮೀಟರು. ಕೊನೆಯ 14 ಎಂಬುದು ಟಾಯರು ಕೂಡುವ ಚಕ್ರದ ವ್ಯಾಸ, ಅದು ಮಾತ್ರ ಇಂಚಿನಲ್ಲಿ! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡುವ ನಮಗೆ ಇದೇನೂ ಕಷ್ಟವಾಗಬಾರದು. ನಡುವಿನ ‘ಆರ್’ ಅಕ್ಷರವನ್ನು ರೇಡಿಯಸ್ ಎಂದು ಓದುವವರು ಬಹಳ ಮಂದಿ. ಅದು ರೇಡಿಯಲ್ ಎಂಬುದರ ಗುರುತು. ಟಾಯರಿನ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿವೆ ಎಂದರ್ಥ. ಹೊಂಡಾ ಆಕ್ಟಿವಾ ಸ್ಕೂಟರಿನ ಹಿಂದಿನ ಗಾಲಿಯ ಮೇಲೆ 90/100-10 ಎಂದು ಅಡ್ಡಗೆರೆ ಮಾತ್ರ ಕಾಣುತ್ತದೆ. ಅಲ್ಲಿ ದಾರಗಳು ಒಂದರ ಮೇಲೊಂದು ಓರೆಯಾಗಿ ಹೆಣೆದುಕೊಂಡಿರುತ್ತವೆ.

ಟಾಯರಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಒಂದು ಉಪದೇಶ ದೊರೆಯುತ್ತದೆ: “ಸಾಹೇಬರೇ, ಇನ್ನೊಂದು ನಂಬರು ಅಗಲದ್ದು ಹಾಕಿಸಿ, ಗಾಡಿ ಗಟ್ಟಿಯಾಗಿ ಕೂತಿರುತ್ತದೆ.” ಇಂಥ ಹೊತ್ತಿನಲ್ಲಿ ಚೀಟಿಯ ಬೆನ್ನ ಮೇಲೆ ಒಂದು ಲೆಕ್ಕ ಹಾಕಬೇಕು. 14 ಇಂಚು ಎಂದರೆ ಸುಮಾರು 356 ಮಿಲಿಮೀಟರು. ಅದಕ್ಕೆ ಮೇಲಿನ 132, ಕೆಳಗಿನ 132 ಕೂಡಿಸಿದರೆ ಇಡೀ ಗಾಲಿಯ ಎತ್ತರ 620. ಅದೇ ಸ್ವಿಫ್ಟಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯವರೇ 185/65 ಆರ್15 ಹಾಕುತ್ತಾರೆ. ಲೆಕ್ಕ ಮಾಡಿದರೆ ಅದು 621ರ ಮೇಲೆ ಚೂರು. ಚಕ್ರ ದೊಡ್ಡದಾಯಿತು, ಮಗ್ಗುಲು ತಗ್ಗಿತು, ಒಟ್ಟು ಎತ್ತರ ಅಷ್ಟೇ ಉಳಿಯಿತು. ಆದರೆ ಅಂಗಡಿಯವರು 165 ತೆಗೆದು 185/80 ಆರ್14 ಕೂರಿಸಿದರೆಂದು ಇಟ್ಟುಕೊಳ್ಳಿ. ಗಾಲಿ 652 ಮಿಲಿಮೀಟರು ಆಗುತ್ತದೆ, ನೂರಕ್ಕೆ ಐದರಷ್ಟು ಎತ್ತರ. ವೇಗದ ಮೀಟರು ಮೊದಲಿಗಿಂತ ಅಷ್ಟೇ ಕಡಿಮೆ ತೋರಿಸುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಾಯರು ಮಡಗಾರ್ಡಿನ ಒಳಮೈಗೆ ಉಜ್ಜಿದರೂ ಆಶ್ಚರ್ಯವಿಲ್ಲ. ಚಾಲಕರ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಯಾವ ಅಳತೆ ಇದೆಯೋ ಅದೇ ಸಾಕು. ದುಡ್ಡು ಹೆಚ್ಚಾಗಿದ್ದರೆ ಒಳ್ಳೆಯ ಟಾಯರಿಗೆ ಹಾಕಿ, ಅಗಲದ ಟಾಯರಿಗಲ್ಲ ಎಂಬುದು ನಮ್ಮ ಮತ.

ಇನ್ನು ಕೊನೆಯ 85ಎಸ್. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರು ವೇಗಕ್ಕೆ ತಡೆಯುವ ಟಾಯರು. ಟಿ ಇದ್ದರೆ 190, ಎಚ್ ಇದ್ದರೆ 210. ಪುಣೆಯ ಎಕ್ಸ್‌ಪ್ರೆಸ್ ದಾರಿಯಲ್ಲಿ ಕಾರುಗಳ ಮಿತಿಯೇ 100 ಇರುವಾಗ ನಮ್ಮವರಿಗೆ ಅಕ್ಷರದ ಚಿಂತೆ ಬೇಡ. ಚಿಂತಿಸಬೇಕಾದದ್ದು 85ರ ಬಗ್ಗೆ. ಅದು ಭಾರದ ಸಂಕೇತ; 85 ಎಂದರೆ ಒಂದು ಟಾಯರು 515 ಕಿಲೋ ಹೊರಬಲ್ಲದು. 74 ಎಂದಿದ್ದರೆ 375 ಕಿಲೋ ಮಾತ್ರ. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಕಡಿಮೆ ನಂಬರಿನದನ್ನು ಹಾಕಿಸಬಾರದು. ನಾಲ್ಕು ಟಾಯರಿಗೆ 2,060 ಕಿಲೋ ಆಯಿತಲ್ಲ, ಬೇಕಾದಷ್ಟಾಯಿತು ಎನ್ನಬಹುದು. ಆದರೆ ಅದು ಗಾಳಿ ಪೂರ್ಣವಾಗಿದ್ದಾಗಿನ ಮಾತು. ಊರಿಗೆ ಹೋಗುವಾಗ ಹಗುರವಾಗಿದ್ದ ಕಾರು ಬರುವಾಗ ಜೋಳದ ಚೀಲ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿಗಳನ್ನು ಹೊತ್ತು ಹಿಂಬದಿಯ ಮೇಲೆ ಕುಸಿದಿರುತ್ತದೆಂಬುದು ಎಲ್ಲರಿಗೂ ಗೊತ್ತು. ತುಂಬಿದ ಕಾರಿಗೆ ಎಷ್ಟು ಗಾಳಿ ಬೇಕೆಂದು ಅದೇ ಬಾಗಿಲ ಚೀಟಿಯಲ್ಲಿ ಬೇರೆಯಾಗಿ ಬರೆದಿರುತ್ತದೆ. ನೋಡುವವರೇ ಕಡಿಮೆ.

ಬೇಸಿಗೆಯಲ್ಲಿ ಟಾಯರು ಒಡೆಯುತ್ತದೆಂದು ಹವಾ ಇಳಿಸಿ ಹೊರಡುವ ಪದ್ಧತಿಯೊಂದಿದೆ. ಇದು ಪೂರಾ ತಲೆಕೆಳಗು. ಹವಾ ಕಡಿಮೆಯಾದರೆ ಗಾಲಿಯ ಪ್ರತಿ ಸುತ್ತಿಗೂ ಮಗ್ಗುಲು ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವಾಗ ಅದು ಬಿಸಿಯಾಗುವ ಹಾಗೆ ರಬ್ಬರೂ ಒಳಗಿನ ದಾರವೂ ಕಾಯುತ್ತವೆ. ಕಾದು ಪದರ ಬಿಟ್ಟುಕೊಂಡಾಗಲೇ ಟಾಯರು ಒಡೆಯುವುದು. ಆದ್ದರಿಂದ ಹವಾ ನೋಡಬೇಕಾದದ್ದು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ. ಎರಡು ತಾಸು ಓಡಿದ ಮೇಲೆ ನೋಡಿದರೆ ಒತ್ತಡ ಹೆಚ್ಚೇ ಕಾಣುತ್ತದೆ, ಆಗ ಇಳಿಸಹೋಗಬೇಡಿ.

ನಮ್ಮ ಕಾರುಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತು ಇನ್ನೂ ಬಾಕಿ ಇದೆ. ದಿನಾಲೂ ಓಡುವ ಟ್ಯಾಕ್ಸಿಯ ಟಾಯರು ಸವೆದು ಬೋಳಾಗುತ್ತದೆ. ಅದು ಕಣ್ಣಿಗೆ ಕಾಣುವ ದೋಷ. ಗ್ರಿಪ್ಪಿನ ಗೀರುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ, ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರು ಮಾತ್ರ ಉಳಿದಿದೆಯೆಂದು ತಿಳಿದು ಬದಲಾಯಿಸಬೇಕು. ನಿಂತೇ ಇರುವ ಕಾರಿನಲ್ಲಿ ಹಾಗಲ್ಲ. ಗ್ರಿಪ್ಪು ಹೊಸದರಂತೆಯೇ ಇರುತ್ತದೆ; ರಬ್ಬರು ಮಾತ್ರ ಬಿಸಿಲಿಗೂ ಗಾಳಿಗೂ ಒಣಗಿ, ಬಿರುಸಾಗಿ, ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. “ಎಷ್ಟು ಓಡಿದೆ ಮಹಾ, ಹೊಸ ಟಾಯರೇ” ಎಂದು ನಾವು ಮೋಸಹೋಗುವುದು ಇಲ್ಲಿಯೇ.

ಇದಕ್ಕೂ ದಾಖಲೆ ಇದೆ. ಮಗ್ಗುಲಲ್ಲಿ ಪುಟ್ಟದೊಂದು ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 1819 ಎಂದಿದ್ದರೆ 2019ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ ತಯಾರಾದದ್ದು. ಕೆಲವು ಟಾಯರುಗಳಲ್ಲಿ ಇದು ಒಂದೇ ಮಗ್ಗುಲಲ್ಲಿ ಅಚ್ಚಾಗಿರುತ್ತದೆ, ಒಳಬದಿಗೆ ಬಂದಿದ್ದರೆ ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟಾಯರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕೆಂದೂ, ಹತ್ತು ತುಂಬಿದರೆ ಗ್ರಿಪ್ಪು ಎಷ್ಟೇ ಇದ್ದರೂ ತೆಗೆಯಬೇಕೆಂದೂ ಮಿಶೆಲಿನ್ ಕಂಪನಿಯವರ ಸಲಹೆ. ಕೊಳ್ಳುವಾಗಲೂ ಬೆಲೆ ಕೇಳುವ ಮೊದಲು ಈ ಅಂಕಿ ಓದಿ.

ಯಾವ ಕಂಪನಿಯದು ಒಳ್ಳೆಯದೆಂದು ಕೇಳುವವರುಂಟು. ನಮ್ಮ ಹಿರಿಯರಿಗೆ ಮೈಸೂರಿನ ವಿಕ್ರಾಂತ್ ಟಾಯರೆಂದರೆ ಅಭಿಮಾನ; 1997ರಲ್ಲಿ ಆ ಸಂಸ್ಥೆ ಜೆ.ಕೆ.ಯವರ ಕೈಗೆ ಹೋಯಿತು. ಇತ್ತ ನಮ್ಮ ಲೋಕಲ್ ದಾರಿಯ ಭಾಂಡುಪಿನಲ್ಲೇ ಸೀಯಟ್ ಕಾರ್ಖಾನೆ ಇದೆ. ಅಭಿಮಾನ ಯಾವುದರ ಮೇಲಾದರೂ ಇರಲಿ, ಐ.ಎಸ್.ಐ. ಗುರುತು ಇರಬೇಕು, ಕೇಂದ್ರ ಸರಕಾರದ 2009ರ ಆದೇಶ ಅದನ್ನು ಕಡ್ಡಾಯ ಮಾಡಿದೆ. ಒಂದೇ ಜೊತೆ ಕೊಳ್ಳುವ ಶಕ್ತಿಯಿದ್ದರೆ ಹೊಸ ಎರಡನ್ನೂ ಹಿಂದಿನ ಗಾಲಿಗಳಿಗೆ ಹಾಕಿಸಿ. ಮಳೆಯಲ್ಲಿ ಹಿಂಬದಿ ಜಾರಿದ ಗಾಡಿಯನ್ನು ಹಿಡಿತಕ್ಕೆ ತರುವುದು ಕಠಿಣ.

ಸರಕಾರವೂ ಈಗ ಟಾಯರು ನೋಡತೊಡಗಿದೆ. ನಾಗಪುರದ ಸಮೃದ್ಧಿ ಹೆದ್ದಾರಿಯಲ್ಲಿ 2023ರಲ್ಲಿ ಸಾರಿಗೆ ಇಲಾಖೆಯವರು ಬೋಳು ಟಾಯರಿನ ವಾಹನಗಳನ್ನು ಹಿಂದಕ್ಕೆ ಕಳಿಸುವ ಕ್ರಮ ಕೈಗೊಂಡರು. ಆ ರಸ್ತೆ 2025ರ ಜೂನಿನಲ್ಲಿ ಭಿವಂಡಿ ಸಮೀಪದ ಆಮಣೆಯವರೆಗೆ, ಎಂದರೆ ನಮ್ಮ ಬಾಗಿಲಿಗೇ, ಬಂದು ಮುಟ್ಟಿದೆ.

ಸ್ಟೆಪ್ನಿಯನ್ನು ಮರೆಯಬೇಡಿ. ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಮೀಸಲು ಗಾಲಿಗೆ ಆ ಬೀದಿಯ ಹೆಸರೇ ನಮ್ಮಲ್ಲಿ ಉಳಿದಿದೆ. ಕಾರು ಕೊಂಡ ದಿನದಿಂದ ಡಿಕ್ಕಿಯ ತಳದಲ್ಲಿ ಮಲಗಿದ್ದು, ಬೇಕಾದ ದಿನ ಹವಾ ಇಲ್ಲದೆ ಚಪ್ಪಟೆಯಾಗಿರುವುದು ಅದರ ಸ್ವಭಾವ. ಹೊರಡುವ ಹಿಂದಿನ ದಿನ ಅದನ್ನು ಹೊರಗೆ ತೆಗೆಸಿ, ತಾರೀಖು ಓದಿ, ಹವಾ ತುಂಬಿಸಿ. ಚೀಲಗಳನ್ನು ಆಮೇಲೆ ಒಳಗಿಡಬಹುದು.