ಸೇವಾ ತಂಡದ ಸಿದ್ಧತೆ ಎಲ್ಲಿಂದ?

ಪ್ರಶ್ನೆ: ಹೈದರಾಬಾದಿನಿಂದ ನಮ್ಮ ಸಭೆಯ ಯುವಕರು ಬೇಸಿಗೆ ರಜೆಯಲ್ಲಿ ಬೀದರ್ ಕಡೆಯ ಹಳ್ಳಿಗೆ ಮಕ್ಕಳ ನಡುವೆ ಒಂದು ವಾರದ ಸೇವೆಗೆ ಹೊರಟಿದ್ದಾರೆ. ವಿದೇಶದ ಗೆಳೆಯರೊಬ್ಬರೂ ಬರುತ್ತಾರೆ. ಇಲ್ಲಿನ ಬೇಗಂ ಬಜಾರಿನಲ್ಲಿ ಸಾಮಾನು ಕೊಂಡರೆ ಅಗ್ಗವೇ?

ಉತ್ತರ: ಅಗ್ಗವೇನೋ ಹೌದು, ಆದರೆ ಖರೀದಿ ಕೊನೆಯ ಕೆಲಸ. ಮೊದಲು ಆ ಊರಿನ ಪಾಸ್ಟರರನ್ನು ಕೇಳಿ: ಎಷ್ಟು ಮಕ್ಕಳು ಬರುತ್ತಾರೆ, ಏನು ಬೇಕು, ಉಳಿಯಲು ಜಾಗವೆಲ್ಲಿ? ಆಮೇಲೆ ಕೆಲಸ ಹಂಚಿ. ಲೆಕ್ಕಕ್ಕೊಬ್ಬರು, ಅಡುಗೆಗೊಬ್ಬರು, ಔಷಧಿ ಪೆಟ್ಟಿಗೆಗೊಬ್ಬರು ಇರಲಿ. ಮಕ್ಕಳೊಂದಿಗೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಹಳ್ಳಿಯ ಕನ್ನಡದಲ್ಲಿ ಕಥೆ ಹೇಳಬಲ್ಲವರು ತಂಡದಲ್ಲಿರಲೇಬೇಕು.

ವಿದೇಶಿ ಗೆಳೆಯರ ವೀಸಾ ನೋಡಿ. ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಯಲ್ಲಿ ಕೂರಬಹುದು. ಧರ್ಮಪ್ರಚಾರ ಮಾಡುವಂತಿಲ್ಲ, ಧಾರ್ಮಿಕ ಕರಪತ್ರ ಹಂಚುವಂತಿಲ್ಲ. ಅದಕ್ಕೆ ಮಿಷನರಿ ವೀಸಾ ಬೇರೆಯೇ ಇದೆ.

ಇನ್ನು ಬೇಗಂ ಬಜಾರ್. ಅದು ಸಗಟು ಪೇಟೆ. ನೋಟ್‌ಬುಕ್, ಬಣ್ಣದ ಪೆನ್ಸಿಲ್, ಸ್ಟೀಲ್ ತಟ್ಟೆಗಳನ್ನು ಡಜನ್ ಲೆಕ್ಕದಲ್ಲಿ ಕೊಂಡರಷ್ಟೇ ಲಾಭ. ಓಣಿಗಳು ಇಕ್ಕಟ್ಟು, ಕಾರು ಬೇಡ. ಬೆಳಿಗ್ಗೆಯೇ ಹೋಗಿ, ಬಿಲ್ ಕೇಳಿ ಪಡೆಯಿರಿ. ಭಾರದ ಸಾಮಾನನ್ನು ಬೀದರ್ ಪೇಟೆಯಲ್ಲೇ ಕೊಳ್ಳಿ: ಸಾಗಣೆ ಖರ್ಚೂ ಉಳಿಯುತ್ತದೆ, ಅಲ್ಲಿನ ಅಂಗಡಿಯವರಿಗೂ ವ್ಯಾಪಾರವಾಗುತ್ತದೆ.